ಹೊಗೆಮೀನಿನ ಲಾಭ ಒಲೆಯಲ್ಲಿಲ್ಲ

ಘಾನಾ ದೇಶದ ರಾಜಧಾನಿ ಅಕ್ರಾದ ಕಡಲಂಚಿನಲ್ಲಿ ಚೋರ್ಕೋರ್ ಎಂಬ ಬೆಸ್ತರ ಕೇರಿಯಿದೆ. 1970ರ ಆಸುಪಾಸಿನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ (ಎಫ್‌ಎಒ) ಘಾನಾದ ಆಹಾರ ಸಂಶೋಧನಾ ಸಂಸ್ಥೆಯೂ ಆ ಕೇರಿಯ ಹೆಂಗಸರ ಜೊತೆ ಕೂತು, ಮೀನಿಗೆ ಹೊಗೆ ಹಾಕುವ ಹೊಸ ಒಲೆಯೊಂದನ್ನು ರೂಪಿಸಿದವು. ಅದಕ್ಕೂ ಮುಂಚೆ ಇದ್ದದ್ದು ಮಣ್ಣಿನ ದುಂಡು ಒಲೆ, ಇಲ್ಲವೆ ಕತ್ತರಿಸಿದ ತಗಡಿನ ಪೀಪಾಯಿ. ಹೊಸತು ಆಯತಾಕಾರದ್ದು. ಮರದ ಚೌಕಟ್ಟಿಗೆ ತಂತಿಬಲೆ ಬಿಗಿದ ತಟ್ಟೆಗಳನ್ನು ಅದರ ಮೇಲೆ ಒಂದರ ಮೇಲೊಂದರಂತೆ ಹದಿನೈದರವರೆಗೂ ಪೇರಿಸಬಹುದು. ಪೇರಿಸಿದ ತಟ್ಟೆಗಳೇ ಹೊಗೆಗೂಡಾಗುತ್ತವೆ. ಸೌದೆ ಕಡಿಮೆ, ಒಂದೇ ಸಲಕ್ಕೆ ಬೇಯುವ ಮೀನು ಹೆಚ್ಚು, ಕೈ ಸುಟ್ಟುಕೊಳ್ಳುತ್ತ ಒಂದೊಂದೇ ಮೀನು ಮಗುಚುವ ಕಷ್ಟವೂ ಇಲ್ಲ. ಒಲೆ ನಿಜಕ್ಕೂ ಒಳ್ಳೆಯದು. ಹಾಗಾಗಿಯೇ ಆಫ್ರಿಕಾದ ಹಲವು ದೇಶಗಳಿಗೆ ಹಬ್ಬಿತು. ಆದರೆ ಅಂದಿನಿಂದ ಹೊಗೆಮೀನಿನ ಹೆಂಗಸರ ಆದಾಯ ಹೆಚ್ಚಿಸುವ ಯೋಜನೆ ಎಂದರೆ ಇನ್ನೊಂದು ಸುಧಾರಿತ ಒಲೆ ಎಂಬ ರೂಢಿ ಬೆಳೆದುಬಿಟ್ಟಿತು. ಈ ರೂಢಿಯ ಹಿಂದಿರುವ ಲೆಕ್ಕ ತಪ್ಪು ಎಂಬುದು ನನ್ನ ವಾದ. ಹೊಗೆಮೀನಿನ ವ್ಯಾಪಾರದಲ್ಲಿ ಮಾರಾಟವಾಗುವುದು ಮುಖ್ಯವಾಗಿ ಕಾಲಾವಕಾಶ: ಸುಗ್ಗಿಯ ದಿನ ಸಂಜೆಯೊಳಗೆ ಕೊಳೆಯುತ್ತಿದ್ದ ಮಾಲನ್ನು ಆರು ತಿಂಗಳ ಆಚೆಗೆ ಸಾಗಿಸುವ ಶಕ್ತಿ. ಆ ಆರು ತಿಂಗಳು ಕಾಯಬಲ್ಲವರು ಯಾರೋ ಲಾಭ ಅವರದ್ದು.

ಮೊದಲು ನೀರಿನ ಲೆಕ್ಕ ನೋಡೋಣ. ಘಾನಾದಲ್ಲಿ ಹೊಗೆ ಹಾಕುವುದು ಎರಡು ಬಗೆ. ಒಂದೆರಡು ತಾಸು ಮಾತ್ರ ಒಲೆಯ ಮೇಲಿಟ್ಟು ಇಳಿಸುವ ಮೆದು ಮೀನಿನಲ್ಲಿ ಅರ್ಧದಷ್ಟು ತೇವ ಉಳಿದಿರುತ್ತದೆ. ರುಚಿ ಚೆನ್ನ, ಬಾಳಿಕೆ ಒಂದರಿಂದ ಮೂರು ದಿನ. ಹತ್ತರಿಂದ ಹದಿನೆಂಟು ತಾಸು, ಕೆಲವೊಮ್ಮೆ ದಿನಗಟ್ಟಲೆ ಒಣಗಿಸಿದ ಗಟ್ಟಿ ಮೀನಿನಲ್ಲಿ ಉಳಿಯುವ ತೇವ ಶೇ. 10ರಿಂದ 15, ಸರಿಯಾಗಿ ಕಾಪಾಡಿದರೆ ಆರರಿಂದ ಒಂಬತ್ತು ತಿಂಗಳು ಇಡಬಹುದು. ಈಗ ಶೇ. 70ರಷ್ಟು ನೀರಿರುವ 100 ಕಿಲೋ ಹಸಿ ಮೀನನ್ನು ಕಿಲೋಗೆ 10 ಸೆಡಿಯಂತೆ ಕೊಂಡರೆಂದು ಇಟ್ಟುಕೊಳ್ಳಿ. ಸೆಡಿ ಅಲ್ಲಿಯ ಹಣ; ಈ ದರ ಲೆಕ್ಕದ ಅನುಕೂಲಕ್ಕೆ ನಾನು ಇಟ್ಟುಕೊಂಡದ್ದು. ಮೆದುವಾಗಿ ಹೊಗೆ ಹಾಕಿದರೆ ಕೈಗೆ ಬರುವುದು 60 ಕಿಲೋ. ಶೇ. 12ರ ತೇವಕ್ಕೆ ಇಳಿಸಿದರೆ ಹೆಚ್ಚುಕಡಿಮೆ 34 ಕಿಲೋ. ಅಂದರೆ ಸೌದೆ, ಕೂಲಿ, ಲಾರಿ ಬಾಡಿಗೆ ಒಂದನ್ನೂ ಸೇರಿಸುವ ಮೊದಲೇ, ಮೀನಿನ ಅಸಲು ಹುಟ್ಟಲಿಕ್ಕೆ ಗಟ್ಟಿ ಮೀನನ್ನು ಕಿಲೋಗೆ 29 ಸೆಡಿಗೆ ಮೇಲೆಯೇ ಮಾರಬೇಕು. ಹಸಿ ಮೀನಿನ ದರದಲ್ಲಿ ಆಗುವ ಯಾವ ಏರಿಳಿತವೂ ಸಿದ್ಧ ಮಾಲಿನಲ್ಲಿ ಸುಮಾರು ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಒಂದು ಕಿಲೋ ಗಟ್ಟಿ ಮೀನಿಗೆ ಎರಡು ಸೆಡಿ ಸೌದೆ ಸುಡುತ್ತದೆ, ಹೊಸ ಒಲೆ ಅದರಲ್ಲಿ ಮೂರನೇ ಒಂದು ಪಾಲು ಉಳಿಸುತ್ತದೆ ಎಂದು ಉದಾರವಾಗಿಯೇ ಲೆಕ್ಕ ಹಾಕೋಣ. ಉಳಿತಾಯ ಮುಕ್ಕಾಲು ಸೆಡಿಗಿಂತ ಕಡಿಮೆ. ದಡದಲ್ಲಿ ಹಸಿ ಮೀನಿನ ದರ ಕಿಲೋಗೆ ಕಾಲು ಸೆಡಿ ಏರಿದರೆ ಅಷ್ಟೂ ಉಳಿತಾಯ ಕರಗಿಹೋಗುತ್ತದೆ. ಒಲೆ ಎಷ್ಟೇ ಜಾಣತನದ್ದಾಗಿರಲಿ, ಅದು ಕೈ ಹಾಕುವುದು ಖರ್ಚಿನ ಚಿಕ್ಕ ತುದಿಗೆ.

ಇನ್ನು ಋತುವಿನ ಮಾತು. ಘಾನಾ ಕರಾವಳಿಯಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಆಳದ ತಣ್ಣೀರು ಮೇಲೆದ್ದು ಬರುತ್ತದೆ. ಅದರ ಜೊತೆ ಸಾರ್ಡಿನೆಲ್ಲಾ ಮೀನಿನ ಹಿಂಡುಗಳೂ ದಡದ ಹತ್ತಿರ ಬರುತ್ತವೆ. ನಮ್ಮ ಬೂತಾಯಿ ಅದೇ ಕುಲದ ಮೀನು. ವರ್ಷದ ಮೊದಲ ತಿಂಗಳುಗಳಲ್ಲಿ ಇನ್ನೊಂದು ಸಣ್ಣ ಸುಗ್ಗಿ ಉಂಟು. ಎಣ್ಣೆ ಹೆಚ್ಚಿರುವ ಈ ಮೀನು ಬಿಸಿಲಿಗೆ ಹಾಕಿದರೆ ಕಮಟುತ್ತದೆ, ಸುಗ್ಗಿಯ ಕಾಲದಲ್ಲಿ ಬಿಸಿಲೂ ಮಂಕು. ಹೊಗೆಯಲ್ಲಿರುವ ರಾಸಾಯನಿಕಗಳು ಮಾತ್ರ ಆ ಎಣ್ಣೆ ಕೆಡುವುದನ್ನು ತಡೆಯುತ್ತವೆ. ಹೀಗೆ ವರ್ಷದ ಬಹುಪಾಲು ಮಾಲು ಕೆಲವೇ ವಾರಗಳಲ್ಲಿ ಕೈಗೆ ಬರುತ್ತದೆ, ತಿನ್ನುವ ಬಾಯಿಗಳಿಗೆ ಮಾತ್ರ ವರ್ಷಪೂರ್ತಿ ಬೇಕು. ಅಗ್ಗದಲ್ಲಿ ಕೊಂಡು, ಹೊಗೆ ಹಾಕಿ, ಕಾಗದ ಹೊದಿಸಿ ಇಟ್ಟು, ಆಗಾಗ ಮತ್ತೆ ಹೊಗೆ ತೋರಿಸಿ, ಮೀನಿಲ್ಲದ ತಿಂಗಳಲ್ಲಿ ಮಾರಿದರೆ ಲಾಭ. ಕೇಳಲು ಸುಲಭ. ಆದರೆ ದಾಸ್ತಾನಿನಲ್ಲಿ ಕೂತ ಹಣಕ್ಕೂ ಬೆಲೆಯುಂಟು. 2023ರ ಜುಲೈನಲ್ಲಿ ಘಾನಾದ ಕೇಂದ್ರ ಬ್ಯಾಂಕು ತನ್ನ ನೀತಿ ಬಡ್ಡಿದರವನ್ನು ಶೇ. 30ಕ್ಕೆ ಏರಿಸಿತು. ಆ ದರದಲ್ಲೇ ಸಾಲ ಸಿಕ್ಕಿತೆಂದುಕೊಂಡರೂ ಆರು ತಿಂಗಳು ಮಾಲು ಹಿಡಿದಿಟ್ಟರೆ ಬೆಲೆ ಶೇ. 15ರಷ್ಟು ಏರುವುದು ಬಡ್ಡಿಗೇ ಸರಿಹೋಗುತ್ತದೆ. ದಡದಲ್ಲಿ ಹೊಗೆ ಹಾಕುವ ಹೆಂಗಸಿಗೆ ಅಷ್ಟು ಸೋವಿಯಲ್ಲಿ ಯಾರೂ ಕೈಸಾಲ ಕೊಡುವುದಿಲ್ಲ. ಇದರ ಇನ್ನೊಂದು ಮುಖ ಇನ್ನೂ ಕ್ರೂರ. 2022ರ ಡಿಸೆಂಬರ್‌ನಲ್ಲಿ ಅಲ್ಲಿಯ ಹಣದುಬ್ಬರ ಶೇ. 54 ದಾಟಿತ್ತು. ಆ ವರ್ಷ ಸ್ವಂತ ಬಂಡವಾಳದಲ್ಲಿ ಮೀನು ಹಿಡಿದಿಟ್ಟವಳ ಆಸ್ತಿ ಮಾಲಿನ ರೂಪದಲ್ಲಿತ್ತು, ಬೆಲೆಗಳ ಜೊತೆ ತಾನೂ ಏರಿತು. ಸಾಲಗಾರರ ಕಾಟಕ್ಕೆ ಸೆಪ್ಟೆಂಬರ್‌ನಲ್ಲೇ ಮಾರಿ, ಉಳಿದ ನಾಲ್ಕು ಕಾಸನ್ನು ಸೆರಗಿನಲ್ಲಿ ಕಟ್ಟಿಕೊಂಡವಳ ದುಡ್ಡು ಕ್ರಿಸ್ಮಸ್ ಹೊತ್ತಿಗೆ ಸವೆದಿತ್ತು. ಒಂದೇ ಒಲೆ, ಒಂದೇ ಮೀನು, ಒಂದೇ ಕೈಚಳಕ. ಆದಾಯ ಮಾತ್ರ ಬೇರೆ.

ಹಾಗಾದರೆ ಬಂಡವಾಳ ಎಲ್ಲಿಗೆ ಹೋಗುತ್ತದೆ? ಅದರ ದೊಡ್ಡ ಪಾಲು ಒಲೆಗೂ ಗೋದಾಮಿಗೂ ಹೋಗುವುದಿಲ್ಲ, ಕಡಲಿಗೆ ಹೋಗುತ್ತದೆ. ಘಾನಾದ ದೋಣಿ ಮೀನುಗಾರಿಕೆಯಲ್ಲಿ ಗಂಡಸರು ಹಿಡಿಯುತ್ತಾರೆ, ಹೆಂಗಸರು ಕೊಳ್ಳುತ್ತಾರೆ ಎಂಬ ಕೆಲಸದ ಹಂಚಿಕೆ ಹಳೆಯದು. 1960ರ ಆಸುಪಾಸಿನಲ್ಲಿ ದೋಣಿಗಳಿಗೆ ಹೊರ ಎಂಜಿನ್ ಬಂದ ಮೇಲೆ ಎಂಜಿನ್ನು, ಬಲೆ, ಇಂಧನಗಳಿಗೆ ಬೇಕಾದ ದುಡ್ಡಿನ ಮೊತ್ತ ಬೆಳೆಯಿತು, ಅದನ್ನು ಮುಂಗಡವಾಗಿ ಹಾಕುವವರೂ ಮೀನು ವ್ಯಾಪಾರದ ಹೆಂಗಸರೇ ಆದರು. ನಾರ್ವೆಯ ಭೂಗೋಳಶಾಸ್ತ್ರಜ್ಞೆ ರಾಗ್ನಿಲ್ಡ್ ಓವರೋ ಘಾನಾ ಕರಾವಳಿಯ ಇಂಥ ಹೆಂಗಸರ ಬಗ್ಗೆ ಬರೆದಿದ್ದಾರೆ. ಕೆಲವರು ತಾವೇ ದೋಣಿಗಳ ಒಡತಿಯರಾಗುವಷ್ಟು ಬೆಳೆದಿದ್ದರು. ಮುಂಗಡ ಕೊಟ್ಟವಳಿಗೆ ಸಿಗುವುದು ಬಡ್ಡಿಯಲ್ಲ, ಹಿಡಿದ ಮೀನಿನ ಮೇಲೆ ಮೊದಲ ಹಕ್ಕು, ಜೊತೆಗೆ ದರದಲ್ಲಿ ಒಂದಿಷ್ಟು ರಿಯಾಯಿತಿ. ಕರಾವಳಿಯ ಫಾಂಟೆ ಜನರ ಊರುಗಳಲ್ಲಿ ಕೊಂಕೊಹೆಮಾ ಎಂಬ ಮೀನುವ್ಯಾಪಾರದ ಮುಖ್ಯಸ್ಥೆ ಇರುತ್ತಾಳೆ. ಮೊದಲ ದೋಣಿ ದಡ ಮುಟ್ಟಿದಾಗ ಆ ದಿನದ ದರ ಕುದುರಿಸುವವಳು ಅವಳು. ಐಸ್ ಇಲ್ಲದ ಬಿಸಿಲಿನ ದಡದಲ್ಲಿ ದೋಣಿಯವನ ಚೌಕಾಸಿ ಶಕ್ತಿ ತಾಸು ತಾಸಿಗೂ ಇಳಿಯುತ್ತದೆ. ಹಿಂದೆ ಇನ್ನೂ ಮೂರು ದೋಣಿ ಬರುವುದು ಕಂಡರಂತೂ ಕೇಳುವುದೇ ಬೇಡ. ಎರಡನೇ ಬುಟ್ಟಿ ಮೊದಲನೆಯದಕ್ಕಿಂತ ಅಗ್ಗ, ಇಪ್ಪತ್ತನೆಯದು ಅದಕ್ಕಿಂತ ಅಗ್ಗ. ಆದರೆ ಈ ಅಗ್ಗ ಸಿಗುವುದೂ ಮೊದಲ ಹಕ್ಕಿರುವವಳಿಗೇ; ಮುಂಗಡ ಹಾಕಲಾಗದ ಸಣ್ಣ ಹೆಂಗಸು ಸಾಲಿನ ಕೊನೆಯಲ್ಲಿ ನಿಂತಿರುತ್ತಾಳೆ. ಅವಳು ದೊಡ್ಡ ವ್ಯಾಪಾರಿಯಿಂದಲೇ ಉದ್ದರಿಗೆ ಮೀನು ಎತ್ತಿ, ಹೊಗೆ ಹಾಕಿ, ಮಾರಿ ಬಂದು ಬಾಕಿ ತೀರಿಸಬೇಕು. ಉದ್ದರಿಯ ಗಡುವು ಹತ್ತಿರವಾದಂತೆ ಮಾಲು ಹಿಡಿದಿಡುವ ಮಾತು ಮುಗಿಯಿತು. ಅವಳು ಮೆದು ಮೀನು ಮಾಡಿ ನಾಳೆಯ ಸಂತೆಗೆ ಹೊರಡುತ್ತಾಳೆ.

ಇಲ್ಲಿ ಒಂದು ಆಕ್ಷೇಪ ತಾನಾಗಿ ಏಳುತ್ತದೆ: ಹಾಗಾದರೆ ತಪ್ಪು ಈ ದೊಡ್ಡ ವ್ಯಾಪಾರಿ ಹೆಂಗಸರದ್ದಲ್ಲವೇ, ಅವರನ್ನು ನಡುವಿನಿಂದ ಎತ್ತಿಬಿಟ್ಟರೆ ದೋಣಿಯವನಿಗೂ ಗಿರಾಕಿಗೂ ಒಳ್ಳೆಯದಾಗದೇ? ದಲ್ಲಾಳಿಯನ್ನು ಬೈಯುವುದು ಎಲ್ಲ ದೇಶಗಳಲ್ಲೂ ಸುಲಭದ ರಾಜಕೀಯ. ಘಾನಾ ಅದನ್ನು ಪ್ರಯೋಗ ಮಾಡಿಯೇ ನೋಡಿದೆ. 1979ರಲ್ಲಿ ಜೆರಿ ರಾಲಿಂಗ್ಸ್ ನೇತೃತ್ವದ ಸೈನಿಕ ಆಡಳಿತ, ಬೆಲೆಯೇರಿಕೆಗೂ ಅಭಾವಕ್ಕೂ ಸಂತೆಯ ಹೆಂಗಸರೇ ಕಾರಣವೆಂದು ತೀರ್ಮಾನಿಸಿತು. ಮಾಲನ್ನು ನಿಯಂತ್ರಿತ ದರಕ್ಕೆ ಬಲವಂತವಾಗಿ ಮಾರಿಸಿತು; ಆಗಸ್ಟ್‌ನಲ್ಲಿ ಅಕ್ರಾದ ಪ್ರಸಿದ್ಧ ಮಕೋಲಾ ಮಾರುಕಟ್ಟೆಯ ಮುಖ್ಯ ಭಾಗವನ್ನು ನೆಲಸಮ ಮಾಡಿತು. ಅಭಾವ ಹೋಗಲಿಲ್ಲ. ಹೋಗುವುದಾದರೂ ಹೇಗೆ? ಮೀನಿನ ವಿಷಯದಲ್ಲಿ ಈ ವ್ಯಾಪಾರಿ ಮಾಡುವ ಕೆಲಸವನ್ನು ಬೇರೆ ಯಾರೂ ಮಾಡಲು ಸಿದ್ಧರಿಲ್ಲ. ದೋಣಿ ಬರಿಗೈಲಿ ಬಂದರೆ ಇಂಧನದ ದುಡ್ಡು ಮುಳುಗುವುದು ಅವಳದ್ದು. ದೋಣಿಯವನ ಮನೆಯಲ್ಲಿ ಕಾಯಿಲೆಯಾದರೆ ಸಾಲ ಕೊಡುವವಳೂ ಅವಳೇ. ಅಂಥ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುತ್ತದೆ, ಅವಳು ಕೇಳುವುದು ನಾಳೆಯ ಮೀನು. ಅವಳು ತೆಗೆದುಕೊಳ್ಳುವ ರಿಯಾಯಿತಿಯಲ್ಲಿ ಒಂದು ಪಾಲು ಶೋಷಣೆ ಇರಬಹುದು, ಇದೆ ಕೂಡ. ಆದರೆ ಇನ್ನೊಂದು ಪಾಲು ವಿಮೆಯ ಕಂತು. ವಿಮೆ ಕೊಡುವ ಬೇರೆ ಏರ್ಪಾಡು ಮಾಡದೆ ಅವಳನ್ನು ಎತ್ತಿಹಾಕಿದರೆ ದೋಣಿ ನೀರಿಗಿಳಿಯುವುದೇ ಕಷ್ಟ.

ಸಂತೆಯ ತುದಿಯಲ್ಲಿ ನಡೆಯುವುದನ್ನೂ ಸ್ವಲ್ಪ ನೋಡಬೇಕು, ಏಕೆಂದರೆ ಬೆಲೆ ಏರಿದ್ದು ಅಲ್ಲಿ ಹಲಗೆಯ ಮೇಲೆ ಬರೆದು ಕಾಣುವುದಿಲ್ಲ. ಕರಾವಳಿಯಿಂದ ಮಾಂಕೆಸ್ಸಿಂ, ಕುಮಾಸಿ, ಟೆಚಿಮಾನ್ ಸಂತೆಗಳಿಗೆ ಲಾರಿಯಲ್ಲಿ ಹೋಗುವ ಗಟ್ಟಿ ಮೀನು ಚೆನ್ನಾಗಿ ಒಣಗಿದಷ್ಟೂ ಬೇಗ ಮುರಿಯುತ್ತದೆ. ಮುರಿದ ಮೀನಿಗೆ ಬೆಲೆ ಕಡಿಮೆ. ಪುಡಿಯಾದದ್ದು ಕೋಳಿ ಆಹಾರಕ್ಕೆ. ಸರಿಯಾಗಿ ಒಣಗದಿದ್ದರೆ ಬೂಷ್ಟು, ಇಟ್ಟು ಮರೆತರೆ ಡರ್ಮೆಸ್ಟಿಸ್ ಎಂಬ ಹುಳ. ಬಣ್ಣಕ್ಕೂ ಗಿರಾಕಿಗಳು ದುಡ್ಡು ಕೊಡುತ್ತಾರೆ, ಆದ್ದರಿಂದ ಕೊನೆಗೆ ಕಬ್ಬಿನ ಸಿಪ್ಪೆಯನ್ನೋ ತೆಂಗಿನ ಸಿಪ್ಪೆಯನ್ನೋ ಉರಿಸಿ ಹೊಂಬಣ್ಣ ತರಿಸುತ್ತಾರೆ. ಚಿಲ್ಲರೆಗೆ ಬಂದಾಗ ತಕ್ಕಡಿ ಅಪರೂಪ, ಗುಡ್ಡೆ ಹಾಕಿ ಮಾರುವುದೇ ಹೆಚ್ಚು. ಬೆಲೆ ಏರಿದಾಗ ಗುಡ್ಡೆಯ ದರ ಅಷ್ಟೇ ಉಳಿದು ಗುಡ್ಡೆಯೇ ಚಿಕ್ಕದಾಗುತ್ತದೆ. ಇದರಿಂದಲೇ ಹೊಗೆಮೀನು ಬಡವರ ಅಡುಗೆಮನೆಯಲ್ಲಿ ಉಳಿದುಕೊಂಡಿದೆ: ಘಾನಾದವರು ತಿನ್ನುವ ಪ್ರಾಣಿಜನ್ಯ ಪ್ರೋಟೀನಿನಲ್ಲಿ ಸುಮಾರು ಶೇ. 60 ಮೀನಿನದು ಎನ್ನುತ್ತಾರೆ. ಕೈಯಲ್ಲಿ ಎಷ್ಟೇ ಕಡಿಮೆ ಕಾಸಿದ್ದರೂ ಎರಡು ಮೀನು ಕೊಂಡು ಸಾರಿಗೆ ಹಾಕಬಹುದು, ಮಡಕೆ ತುಂಬ ವಾಸನೆ ಬರುತ್ತದೆ. ಮಾರುವವಳ ಲೆಕ್ಕದಲ್ಲಿ ಮಾತ್ರ ಇದಕ್ಕೊಂದು ಮಿತಿಯಿದೆ. ಗುಡ್ಡೆಯನ್ನು ಎರಡು ಮೀನಿಗಿಂತ ಚಿಕ್ಕದು ಮಾಡಲಾಗುವುದಿಲ್ಲ. ಅಲ್ಲಿಗೆ ಬಂದಾಗ ಏರಿದ ಅಸಲನ್ನು ಅವಳ ಲಾಭದಿಂದಲೇ ಕಳೆಯಬೇಕು.

ಆ ಮಿತಿ ಈಗ ಬೇಗ ಬೇಗ ಎದುರಾಗುತ್ತಿದೆ, ಏಕೆಂದರೆ ಮೀನೇ ಕಡಿಮೆಯಾಗಿದೆ. 1990ರ ದಶಕದ ನಂತರ ಘಾನಾದ ಸಾರ್ಡಿನೆಲ್ಲಾ ಇಳುವರಿ ತೀವ್ರವಾಗಿ ಕುಸಿದಿದೆ. ದೋಣಿಗಳು ಮಿತಿಮೀರಿ ಹೆಚ್ಚಿದ್ದು ಒಂದು ಕಾರಣ. ದೊಡ್ಡ ಟ್ರಾಲರ್‌ಗಳದ್ದು ಇನ್ನೊಂದು. ಟ್ರಾಲರ್‌ಗಳು ದೋಣಿಯವರ ಪಾಲಿನ ಸಣ್ಣ ಮೀನನ್ನು ಹಿಡಿದು, ಗಡ್ಡೆಗಟ್ಟಿಸಿ, ನಡುಗಡಲಲ್ಲೇ ದೋಣಿಗಳಿಗೆ ಮಾರುವ ಕಾನೂನುಬಾಹಿರ ದಂಧೆಗೆ ಅಲ್ಲಿ ಸೈಕೋ ಎನ್ನುತ್ತಾರೆ. 2017ರಲ್ಲಿ ಹೀಗೆ ದಡ ಸೇರಿದ ಮೀನು ಸುಮಾರು ಒಂದು ಲಕ್ಷ ಟನ್ ಎಂದು ಎನ್ವಿರಾನ್ಮೆಂಟಲ್ ಜಸ್ಟಿಸ್ ಫೌಂಡೇಶನ್ ಅಂದಾಜು ಮಾಡಿತ್ತು. ಹೆಂಗಸರು ತಾವು ಮುಂಗಡ ಹಾಕಿದ ದೋಣಿಗೆ ಸಿಗಬೇಕಿದ್ದ ಮೀನನ್ನೇ ಇನ್ನೊಬ್ಬರ ದೋಣಿಯಿಂದ ಎರಡನೇ ಸಲ ದುಡ್ಡು ಕೊಟ್ಟು ಕೊಳ್ಳುವ ವಿಚಿತ್ರ ಇದು. ದೋಣಿಯ ಮೀನು, ಸೈಕೋ ಮೀನು ಬಿಟ್ಟರೆ ಹೆಂಗಸರಿಗಿರುವ ಮೂರನೆಯ ದಾರಿ, ಹೊರದೇಶದ ಮೀನು: ಟೆಮಾ ಬಂದರಿನ ಶೀತಲಗೃಹಗಳಿಂದ ಪೆಟ್ಟಿಗೆಗಟ್ಟಲೆ ಕೊಂಡು, ಕರಗಿಸಿ, ಹೊಗೆ ಹಾಕುವುದು. ಶೀತಲ ಸರಪಳಿ ಬಂದರೆ ಹೊಗೆಮೀನಿಗೆ ಉಳಿಗಾಲವಿಲ್ಲ ಎಂದು ವಾದಿಸುವವರು ಇದನ್ನು ಗಮನಿಸಬೇಕು. ಐಸ್ ಮೀನು ಹೊಗೆಮೀನಿನ ಜಾಗ ಕಸಿಯಲಿಲ್ಲ, ಅದರ ಕಚ್ಚಾಮಾಲಾಯಿತು. 2012ರಿಂದ ಕೆಲವು ವರ್ಷ ಘಾನಾವನ್ನು ಕಾಡಿದ ವಿದ್ಯುತ್ ಕಡಿತದ ಕಾಲದಲ್ಲಿ, ಕರೆಂಟು ಇಲ್ಲದೆಯೂ ಕೆಡದ ಮೀನಿನ ಗುಣ ಎಲ್ಲರಿಗೂ ಗೊತ್ತಾಯಿತು ಕೂಡ. ಆದರೆ ಶೀತಲಗೃಹದ ದರ ಡಾಲರಿಗೆ ಕಟ್ಟಿಕೊಂಡದ್ದು. ದಡದಲ್ಲಿ ಕೊಂಕೊಹೆಮಾಳ ಜೊತೆ ಚೌಕಾಸಿ ಮಾಡಬಹುದಿತ್ತು. ಇಲ್ಲಿ ಸೆಡಿ ಬಿದ್ದ ದಿನ ಪೆಟ್ಟಿಗೆಯ ಬೆಲೆ ಏರುತ್ತದೆ, ಉದ್ದರಿ ಇಲ್ಲ, ರಿಯಾಯಿತಿಯೂ ಇಲ್ಲ.

ಇಷ್ಟು ಹೇಳಿದ ಮೇಲೆ ಒಲೆಯ ಪರವಾಗಿರುವ ಗಟ್ಟಿಯಾದ ವಾದವನ್ನೂ ಎದುರಿಸಬೇಕು. ಅದು ದುಡ್ಡಿನದ್ದಲ್ಲ, ಆರೋಗ್ಯದ್ದು. ಹೊಗೆಯ ಎದುರು ವರ್ಷಗಟ್ಟಲೆ ಕೂತವರ ಕಣ್ಣು, ಶ್ವಾಸಕೋಶಗಳ ಗತಿ ಏನೆಂದು ವಿವರಿಸಬೇಕಿಲ್ಲ. ಮೀನಿನ ಎಣ್ಣೆ ಕೆಂಡಕ್ಕೆ ತೊಟ್ಟಿಕ್ಕಿ ಏಳುವ ಹೊಗೆಯಲ್ಲಿ ಬೆಂಜೊಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳಿರುತ್ತವೆ, ಅವು ಮೀನಿಗೂ ಅಂಟುತ್ತವೆ. 2014ರ ಸೆಪ್ಟೆಂಬರ್‌ನಿಂದ ಯುರೋಪಿನ ಒಕ್ಕೂಟ ಹೊಗೆಮೀನಿನಲ್ಲಿ ಇದರ ಮಿತಿಯನ್ನು ಕಿಲೋಗೆ 5 ಮೈಕ್ರೋಗ್ರಾಂನಿಂದ 2ಕ್ಕೆ ಇಳಿಸಿತು. ಸಾದಾ ಒಲೆಯಲ್ಲಿ ಆ ಮಿತಿ ಕಾಯುವುದು ಕಷ್ಟ. ಸೆನೆಗಲ್‌ನ ತಿಯಾರಾಯ್ ತರಬೇತಿ ಕೇಂದ್ರದ ಜೊತೆ ಸೇರಿ ಎಫ್‌ಎಒ ರೂಪಿಸಿದ ಒಲೆಯಲ್ಲಿ ಎಣ್ಣೆ ಕೆಂಡಕ್ಕೆ ಬೀಳದ ಹಾಗೆ ಹಿಡಿಯುವ ತಟ್ಟೆಯಿದೆ, ಅಡುಗೆಯ ಉರಿ ಬೇರೆ, ಸೋಸಿದ ಹೊಗೆ ಬೇರೆ. ತಂತ್ರ ಸರಿಯಾದದ್ದೇ. ಕಟ್ಟುವ ಖರ್ಚು ಮಾತ್ರ ಚೋರ್ಕೋರ್ ಒಲೆಗಿಂತ ಬಹಳ ಹೆಚ್ಚು. ಲಂಡನ್ನಿಗೋ ಬ್ರಸೆಲ್ಸಿಗೋ ಮೀನು ಕಳಿಸುವವರಿಗೆ ಆ ಖರ್ಚು ಗಿಟ್ಟಬಹುದು. ಟೆಚಿಮಾನ್ ಸಂತೆಯ ಗಿರಾಕಿ ಬೆಂಜೊಪೈರೀನ್ ಕಡಿಮೆಯಿದೆಯೆಂದು ಗುಡ್ಡೆಗೆ ಹೆಚ್ಚು ಕೊಡುವುದಿಲ್ಲ. ಅವಳಿಗೆ ಅದು ಕಣ್ಣಿಗೆ ಕಾಣುವುದೂ ಇಲ್ಲ. ಶುದ್ಧ ಹೊಗೆಯ ಲಾಭ ತಿನ್ನುವವರಿಗೆ, ಕೆಲಸ ಮಾಡುವವಳ ಎದೆಗೂಡಿಗೆ, ಸೌದೆ ಉಳಿದ ಕಾಡಿಗೆ ಹಂಚಿಹೋಗುತ್ತದೆ. ಒಲೆಯ ಸಾಲ ಮಾತ್ರ ಒಬ್ಬಳ ತಲೆಗೆ. ಕುಡಿಯುವ ನೀರಿನ ಕೊಳವೆಗೆ ಹೇಗೋ ಹಾಗೆ ಇದಕ್ಕೆ ಸರ್ಕಾರದ ಆರೋಗ್ಯದ ಬಾಬತ್ತಿನಿಂದ ದುಡ್ಡು ಬರಬೇಕು. ಆದಾಯ ಹೆಚ್ಚಿಸುವ ಯೋಜನೆ ಎಂದು ಹೇಳಿ ಹೆಂಗಸರ ಕೈಗೆ ಸಾಲಪತ್ರ ಕೊಡುವುದು ಸರಿಯಲ್ಲ.

ಈ ಲೆಕ್ಕ ನಮ್ಮ ಕರಾವಳಿಗೆ ಹೊಸದಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಎರಡು ತಿಂಗಳಲ್ಲಿ ಒಣಮೀನಿಗೆ ಬೇಡಿಕೆ ಏರುವುದು, ಬೇಸಿಗೆಯಲ್ಲೇ ದಾಸ್ತಾನು ಮಾಡಿದವರಿಗೆ ಅದರ ಫಲ ಸಿಗುವುದು, ದಿನದ ಬಂಡವಾಳದಲ್ಲಿ ನಡೆಸುವವರು ಬೇಸಿಗೆಯಲ್ಲೇ ಮಾರಿ ಮುಗಿಸುವುದು ಮಂಗಳೂರಿನಿಂದ ಕಾರವಾರದವರೆಗೆ ಯಾವ ಒಣಮೀನು ಮಾರುವ ಹೆಂಗಸಿಗೂ ಗೊತ್ತು. ದಡದಲ್ಲಿ ಬೂತಾಯಿಗೆ ಎದುರು ಹರಾಜು ಕೂಗುವವರಲ್ಲಿ ಮೀನೆಣ್ಣೆ, ಮೀನುಹಿಟ್ಟಿನ ಕಾರ್ಖಾನೆಗಳವರೂ ಇದ್ದಾರೆ. ಸೆನೆಗಲ್, ಗಾಂಬಿಯಾ, ಮಾರಿಟೇನಿಯಾಗಳಲ್ಲಿ ಹೊಗೆಮೀನಿನ ಹೆಂಗಸರ ಎದುರಾಳಿಗಳೂ ಅವರೇ. ಒಂದು ಕಿಲೋ ಮೀನುಹಿಟ್ಟಿಗೆ ನಾಲ್ಕೈದು ಕಿಲೋ ಮೀನು ಬೇಕು. ಕಾರ್ಖಾನೆಗೆ ಸಾಲವೂ ಸಿಗುತ್ತದೆ, ದಾಸ್ತಾನೂ ಕೆಡುವುದಿಲ್ಲ, ಕೊಳ್ಳುವವನು ದೂರದ ದೇಶದ ಸಿಗಡಿ ಸಾಕಣೆಯವನು. ಕಾಯುವ ಶಕ್ತಿಯ ಪಂದ್ಯದಲ್ಲಿ ಬುಟ್ಟಿ ಹಿಡಿದ ಹೆಂಗಸು ಕಾರ್ಖಾನೆಯವನ ಮುಂದೆ ನಿಲ್ಲುವುದು ಕಷ್ಟ.

ಘಾನಾ 2019ರಲ್ಲಿ ಮೊದಲ ಬಾರಿಗೆ ದೋಣಿ ಮೀನುಗಾರಿಕೆಗೂ ಒಂದು ತಿಂಗಳ ರಜೆ ಘೋಷಿಸಿತು, ಮೇ 15ರಿಂದ ಜೂನ್ 15ರವರೆಗೆ. ಮೀನು ಉಳಿಸಲು ಅದು ಬೇಕು, ಸಾಲದು ಕೂಡ. ಟ್ರಾಲರ್‌ಗಳ ದಂಧೆ ನಿಲ್ಲದೆ ದೋಣಿಯವರಿಗೆ ರಜೆ ಹೇಳುವುದು ನ್ಯಾಯವಲ್ಲ. ಆದರೆ ಹೊಗೆಮೀನಿನ ದೃಷ್ಟಿಯಿಂದ ನೋಡಿದರೆ, ಮೊದಲೇ ದಿನಾಂಕ ಗೊತ್ತಿರುವ ರಜೆ ಎಂದರೆ ಮೊದಲೇ ಗೊತ್ತಿರುವ ಬೆಲೆಯೇರಿಕೆ. ದಾಸ್ತಾನು ಇಡಬಲ್ಲವಳಿಗೆ ಅದು ಅವಕಾಶ, ಇಡಲಾರದವಳಿಗೆ ಒಂದು ತಿಂಗಳ ಉಪವಾಸ. ಎರಡನೆಯವಳನ್ನು ಮೊದಲನೆಯವಳನ್ನಾಗಿ ಮಾಡುವ ದಾರಿಗಳಿಲ್ಲದೇ ಇಲ್ಲ. ಘಾನಾದ ಸರಕು ವಿನಿಮಯ ಕೇಂದ್ರ 2018ರಿಂದ ಗೋದಾಮಿನಲ್ಲಿಟ್ಟ ಮೆಕ್ಕೆಜೋಳದ ರಸೀದಿ ಆಧರಿಸಿದ ವ್ಯವಹಾರಕ್ಕೆ ದಾರಿ ಮಾಡಿದೆ. ಮೀನಿಗೆ ಅದು ಅಷ್ಟು ಸುಲಭವಲ್ಲ: ಜೋಳದ ಹಾಗೆ ಚೀಲಕ್ಕೆ ತುಂಬಿ ಮರೆಯುವಂತಿಲ್ಲ, ಮತ್ತೆ ಮತ್ತೆ ಹೊಗೆ ತೋರಿಸಬೇಕು, ತೇವ ಅಳೆಯಬೇಕು, ಮುರಿದದ್ದನ್ನು ಬೇರೆ ಮಾಡಬೇಕು. ಊರಿನ ಹೆಂಗಸರ ಸಂಘವೇ ಗೋದಾಮು ನಡೆಸಿ, ದರ್ಜೆ ಕಟ್ಟಿ, ಇಟ್ಟ ಮಾಲಿನ ಅರ್ಧ ಬೆಲೆಯನ್ನು ಮುಂಗಡವಾಗಿ ಕೊಡುವುದು ಹೆಚ್ಚು ಕಾರ್ಯಸಾಧ್ಯ. ಅದಕ್ಕೆ ಬೇಕಾದ ದುಡ್ಡು ಒಲೆ ಯೋಜನೆಗಳಿಗೆ ಹೋಗುವ ದುಡ್ಡಿಗಿಂತ ಹೆಚ್ಚೇನಲ್ಲ, ವಾಪಸು ಬರುವ ರೀತಿ ಮಾತ್ರ ಬೇರೆ. ಕಿರುಸಾಲ ಕೊಡುವ ಸಂಸ್ಥೆಗಳು ಸಾಮಾನ್ಯವಾಗಿ ವಾರವಾರ ಕಂತು ಕೇಳುತ್ತವೆ. ಜುಲೈನಲ್ಲಿ ಮೀನು ಕೊಂಡವಳು ಆಗಸ್ಟ್‌ನ ಕಂತು ಕಟ್ಟಬೇಕೆಂದರೆ ಆಗಸ್ಟ್‌ನಲ್ಲೇ, ಎಲ್ಲರೂ ಮಾರುವ ಅಗ್ಗದ ವಾರದಲ್ಲೇ ಮಾರಬೇಕು. ಮೊದಲ ಕಂತನ್ನು ಡಿಸೆಂಬರ್‌ಗೆ ಹಾಕಿದ ಸಾಲವಾದರೆ, ಅದೇ ಬಡ್ಡಿಯಲ್ಲೂ ಅವಳ ಮೀನು ಡಿಸೆಂಬರ್‌ವರೆಗೆ ಗೋದಾಮಿನಲ್ಲಿ ಇರುತ್ತದೆ.